ಹದಿನೇಳನೆಯ ಭೂರ್ಜ

ಗುರುಪಾದ ತೀರಿಹೋದ ಸುದ್ದಿ ಮರದಿಂದ ಬಂತು.

ಜ್ಯೇಷ್ಠ ಮಾಸದ ಸೋಮವಾರ. ಹಿಮಾಲಯದ ನೆತ್ತಿಯಲ್ಲಿರುವ ಚುಮಿಗ್ ಎಂಬ ಹಳ್ಳಿಯಲ್ಲಿ ಹಿಮ ಕರಗಿ ಹತ್ತು ದಿನವಾಗಿತ್ತು. ನೀಲವ್ವ ಮಧ್ಯಾಹ್ನದ ರೊಟ್ಟಿ ಕಟ್ಟಿಕೊಂಡು ಹಳೆಯ ಶಾಲೆಯ ಕೋಣೆಗೆ ಬಂದಳು. ಆ ಕೋಣೆಯೇ ಈಗ ಮರಗಳ ನಿಗಾ ಕೇಂದ್ರ. ಊರಿನವನೇ ಆದ ರಿಗ್ಜಿನ್ ಪರದೆಯ ಮುಂದೆ ಕುಳಿತು ತಲೆ ಕೆರೆದುಕೊಳ್ಳುತ್ತಿದ್ದ. ಗದಗಿನಿಂದ ಬಂದ ವಿಜ್ಞಾನಿ ಗುರುಪಾದನ ಜೊತೆ ಹನ್ನೆರಡು ವರ್ಷ ಕೆಲಸ ಮಾಡಿ ಅವನು ಅಲ್ಲಿಯ ಕನ್ನಡವನ್ನು ಅಲ್ಲಿಯವರಂತೆಯೇ ಆಡುತ್ತಿದ್ದ.

"ಅಕ್ಕಾರ, ಇಲ್ನೋಡ್ರಿ. ಹದಿನೇಳನೇ ಮರ ಮುಂಜಾನಿಂದ ಅರ್ಧ ಡಿಗ್ರಿ ವಾಲೇತಿ. ಗಾಳಿನೂ ಇಲ್ಲ."

"ಯಾವ್ದರ ಕುರಿ ಮೈ ತಿಕ್ಕಾಕತ್ತಿರಬೇಕು ಬಿಡೊ."

"ಕುರಿ ನಾಕ್ ತಾಸು ತಿಕ್ಕತೈತೇನ್ರಿ? ಅದಕ್ಕೂ ಬ್ಯಾಸರ ಅನ್ನೂದು ಇರ್ತೈತಿ."

ನೀಲವ್ವ ನಕ್ಕಳು. ರೊಟ್ಟಿಯ ಗಂಟು ಬಿಚ್ಚುತ್ತ, "ಗುರುಪಾದ ಯಾವ ಕಡೆ ಹೋಗ್ಯಾನ?" ಎಂದು ಕೇಳಿದಳು.

ರಿಗ್ಜಿನ್ ಪರದೆಯನ್ನು ನೋಡಿದ, ಅವಳನ್ನು ನೋಡಿದ, ಎದ್ದು ಬಾಗಿಲಿನ ಕಡೆ ಓಡಿದ.

ಗುರುಪಾದ ಹದಿನೇಳನೆಯ ಭೂರ್ಜ ಮರಕ್ಕೆ ಬೆನ್ನು ಕೊಟ್ಟು ಕುಳಿತಿದ್ದ. ಮಡಿಲಲ್ಲಿ ಟಿಪ್ಪಣಿ ಪುಸ್ತಕ ತೆರೆದೇ ಇತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಐವತ್ತೆಂಟು ವರ್ಷ ಬಡಿದ ಹೃದಯ ಆ ತೆಳುಗಾಳಿಯಲ್ಲಿ ಸದ್ದಿಲ್ಲದೆ ನಿಂತುಹೋಗಿತ್ತು. ಎಂಬತ್ತು ವರ್ಷ ಬೆಳೆದರೂ ತೋಳಿನಷ್ಟೇ ದಪ್ಪವಿದ್ದ ಆ ಮರ ಬೆಳಗಿನಿಂದ ಅವನ ಭಾರವನ್ನು ಹೊತ್ತುಕೊಂಡಿತ್ತು.

ನೀಲವ್ವ ಅವನ ಅಕ್ಕ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ಅಂದಿನಿಂದ ಅವನನ್ನು ಬೆಳೆಸಿದವಳು ಅವಳೇ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ, ಮದುವೆಯಾಗದೆ ಉಳಿದ ತಮ್ಮನಿಗೆ ಬಿಸಿ ಅನ್ನ ಮಾಡಿ ಹಾಕುತ್ತೇನೆಂದು ಇಲ್ಲಿಗೆ ಬಂದಿದ್ದಳು. ಬಂದು ಒಂಬತ್ತು ವರ್ಷವಾಗಿತ್ತು.

ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಳ್ಳಿರಿಸಿ ಮಣ್ಣು ಕೊಡುತ್ತಾರೆ. ಆದರೆ ಚುಮಿಗ್‌ನ ನೆಲದಲ್ಲಿ ಒಂದು ಮೊಳ ಕೆಳಗೆ ಅಗೆದರೆ ಹಾರೆ ಠಣ್ಣೆನ್ನುತ್ತದೆ. ಅಲ್ಲಿಂದ ಆಚೆಗೆ ಮಣ್ಣು, ಕಲ್ಲು, ನೀರು ಎಲ್ಲ ಒಂದಾಗಿ ಸಾವಿರಾರು ವರ್ಷಗಳಿಂದ ಗಟ್ಟಿಯಾಗಿ ನಿಂತಿವೆ. ಬೇಸಿಗೆಯಲ್ಲೂ ಕರಗದ ಇಂಥ ನೆಲಕ್ಕೆ ಗುರುಪಾದ 'ಹೆಪ್ಪುನೆಲ' ಎಂದು ಹೆಸರಿಟ್ಟಿದ್ದ. ಎಲ್ಲಿ ಅಗೆಯುವುದೆಂದು ಊರಿನವರು ಗಾಬರಿಯಾದಾಗ ನೀಲವ್ವನೇ ಕಣ್ಣೊರೆಸಿಕೊಂಡು ಹೇಳಿದಳು:

"ಶುಕ್ಪಾ ಇದ್ದಲ್ಲಿ ಅಗೀರಿ. ಅದರ ಬೇರು ಆಳಕ್ಕ ಇಳೀತೈತಿ. ಅದು ಬೆಳದೈತಿ ಅಂದ್ರ ಅಲ್ಲಿ ಹೆಪ್ಪಿಲ್ಲ ಅಂತ ಅರ್ಥ. ಅವನೇ ಕಲಿಸಿದ್ದು."

ಶುಕ್ಪಾ ಎಂದರೆ ಆ ಊರಿನವರು ಧೂಪಕ್ಕೆ ಬಳಸುವ ಮರ. ಬಿಸಿಲ ಕಡೆಯ ದಿಬ್ಬದಲ್ಲಿ ಮೂರು ಶುಕ್ಪಾಗಳ ನಡುವೆ ಅಗೆದರು. ಮಣ್ಣು ಮೆದುವಾಗಿ ಬಂತು. ಗದಗಿನ ಅಯ್ಯನವರು ಫೋನಿನಲ್ಲೇ ಮಂತ್ರ ಹೇಳಿದರು. ಬಿಲ್ವಪತ್ರೆ ಸಿಗದ ಆ ಜಾಗದಲ್ಲಿ ಶುಕ್ಪಾದ ಹಸಿರನ್ನೇ ತಮ್ಮನ ತಲೆಯ ಮೇಲಿಟ್ಟು ನೀಲವ್ವ ಮೊದಲ ಹಿಡಿ ಮಣ್ಣು ಹಾಕಿದಳು.

ಹೆಪ್ಪುನೆಲದ ಮೇಲಿನ ಊರು ಮಂಜಿನ ಗಡ್ಡೆಯ ಮೇಲೆ ಕಟ್ಟಿದ ಊರೇ. ತಳ ಕರಗಿದರೆ ಇಳಿಜಾರು ಇಡಿಯಾಗಿ ಜಾರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಒಂದೇ ಬೇಸಿಗೆಯಲ್ಲಿ ಮೇಲಿನ ಕಣಿವೆಗಳ ನಾಲ್ಕು ಹಳ್ಳಿಗಳು ಹಾಗೆ ಹೋಗಿದ್ದವು. ನೆಲದ ಹದವನ್ನು ಅಳೆಯಲು ಅಲ್ಲಲ್ಲಿ ಕೊಳವೆ ಕೊರೆದದ್ದೂ ಉಂಟು; ಕೊರೆದ ತೂತಿನಿಂದಲೇ ಬಿಸಿ ಒಳಗಿಳಿದು ಕರಗುವುದು ಇನ್ನೂ ಬೇಗವಾಯಿತು. ಆಗ ಗುರುಪಾದನಂಥವರು ಮರಗಳ ಕಡೆ ತಿರುಗಿದರು. ಮರ ಆ ನೆಲಕ್ಕೆ ಮೊದಲೇ ಬೇರಿಳಿಸಿ ನಿಂತಿದೆ, ಹೊಸದಾಗಿ ಏನನ್ನೂ ಕೊರೆಯಬೇಕಾಗಿಲ್ಲ. ಕೆಳಗೆ ಹೆಪ್ಪಿದ್ದರೆ ಭೂರ್ಜದ ಬೇರು ತಟ್ಟೆಯಂತೆ ಅಗಲಕ್ಕೆ ಹರಡುತ್ತದೆ. ಮರ ನಿಧಾನವಾಗಿ ಬೆಳೆಯುತ್ತದೆ, ಚಳಿ ಬಂದ ಕೂಡಲೇ ರಸದ ಓಟ ನಿಲ್ಲಿಸಿ ಮಲಗುತ್ತದೆ. ಕೆಳಗೆ ಕರಗಿದರೆ ಮರ ವಾಲುತ್ತದೆ. ಹೊತ್ತು ಮೀರಿದರೂ ಮಲಗುವುದಿಲ್ಲ. ಕಾಂಡಕ್ಕೆ ಒಂದು ತೆಳು ಪಟ್ಟಿ ಕಟ್ಟಿದರೆ ಸಾಕು, ವಾಲಿದ್ದೂ ರಸ ಹರಿದದ್ದೂ ಪರದೆಯ ಮೇಲೆ ಮೂಡುತ್ತದೆ.

ಸರ್ಕಾರ ಇದಕ್ಕೆ ಕಾಯ್ದೆಯನ್ನೇ ಮಾಡಿತು. ಹೆಪ್ಪುನೆಲದ ಪ್ರತಿ ಊರಿಗೂ ನಲವತ್ತು ಸಾಕ್ಷಿಮರಗಳು. ಅವುಗಳಲ್ಲಿ ಊರಿನ ನೆತ್ತಿಯ ಮೇಲಿರುವುದು ಮುಖ್ಯ ಸಾಕ್ಷಿ. ಪರದೆಯ ಮೇಲೆ ಮುಖ್ಯ ಸಾಕ್ಷಿಯ ಗುರುತು ಏಳು ದಿನ ಎಡೆಬಿಡದೆ ಕೆಂಪಾಗಿದ್ದರೆ ಊರು ಖಾಲಿಯಾಗಬೇಕು. ಸಾಕ್ಷಿ ತಾನಾಗಿ ಹುಟ್ಟಿ ಬೆಳೆದ ನಾಡಮರವೇ ಆಗಿರಬೇಕೆಂಬುದು ಇನ್ನೊಂದು ನಿಯಮ. ಊರ ಮುಂದಿನ ಪಾಪ್ಲರ್ ಸಾಲನ್ನು ತೋರಿಸಿ ಗುರುಪಾದ ಹೇಳುತ್ತಿದ್ದ: "ಇವನ್ನ ಕೇಳಿ ಉಪಯೋಗ ಇಲ್ಲ. ಇವು ನೀರು ಹಾಕೋರ ಕೈ ನೋಡ್ಕೊಂಡು ಬೆಳದಾವ."

ಚುಮಿಗ್‌ನ ಮುಖ್ಯ ಸಾಕ್ಷಿ ಹದಿನೇಳನೆಯ ಭೂರ್ಜ.

ತಮ್ಮ ಹೋದ ಮೇಲೆ ನೀಲವ್ವ ಊರಿಗೆ ಹಿಂತಿರುಗಲಿಲ್ಲ. ಬಂಧುಗಳು ಫೋನು ಮಾಡಿ, "ಅಲ್ಲಿ ಯಾರದಾರ ನಿನಗ?" ಎಂದು ಕೇಳಿದರು. ಕೇಳಿದವರಿಗೆಲ್ಲ, "ಕೆಲಸ ಐತಿ" ಎಂದಳು. ಕೆಲಸವೂ ಇತ್ತು. ರಿಗ್ಜಿನ್‌ನ ಜೊತೆ ಕುಳಿತು ಪಟ್ಟಿಗಳ ಲೆಕ್ಕ ನೋಡುತ್ತಿದ್ದಳು. ಅವನ ತಾಯಿ ಯಾಂಗ್‌ಡೋಲ್ ಎಂಬತ್ತರ ಮುದುಕಿ; ಅವಳೂ ನೀಲವ್ವನೂ ಒಬ್ಬರ ಭಾಷೆ ಒಬ್ಬರಿಗೆ ಪೂರ್ತಿ ಬಾರದಿದ್ದರೂ ಬಿಸಿಲಲ್ಲಿ ಕುಳಿತು ಉಣ್ಣೆ ಬಿಡಿಸುತ್ತ ತಾಸುಗಟ್ಟಲೆ ಮಾತಾಡುತ್ತಿದ್ದರು.

ಮುಂಜಾನೆಯ ಹೊತ್ತು ಮಾತ್ರ ಅವಳದೇ. ಎದ್ದವಳೇ ಊರಾಚೆಯ ಬಿಸಿನೀರ ಬುಗ್ಗೆಗೆ ಹೋಗಿ ಹತ್ತು ಲೀಟರಿನ ಕ್ಯಾನು ತುಂಬಿ ಬೆನ್ನಿಗೇರಿಸುವಳು. ಏರು ಹತ್ತಿ, ತಮ್ಮ ಕೊನೆಯ ಬಾರಿ ಕುಳಿತ ಜಾಗದಲ್ಲೇ ಕುಳಿತು, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಜ್ಜನ ಮಾಡಿಸಿ ಪೂಜಿಸುವಳು. ಪೂಜೆಯ ನೀರನ್ನು ತುಳಿಯುವ ಕಡೆ ಚೆಲ್ಲುವಂತಿಲ್ಲ. ಗಿಡದ ಬುಡಕ್ಕೆ ಹಾಕಬೇಕು. ಅದನ್ನು ಹಾಕಿದ ಮೇಲೆ ಕ್ಯಾನಿನಲ್ಲಿ ಉಳಿದ ಬೆಚ್ಚನೆಯ ನೀರನ್ನೂ ಮರದ ಬುಡಕ್ಕೆ ನಿಧಾನವಾಗಿ ಎರೆಯುವಳು. ಚಿಕ್ಕವನಿದ್ದಾಗ ಗುರುಪಾದ ತಣ್ಣೀರು ಮುಟ್ಟುತ್ತಿರಲಿಲ್ಲ. ಅವನಿಗೆ ದಿನಾ ಬಿಸಿನೀರು ಕಾಯಿಸಿ ಎರೆದವಳು ಅವಳು. ಈಗ ಮರಕ್ಕೆ ಎರೆಯುವಾಗ ಎದೆಯೊಳಗಿನ ಕಲ್ಲು ಅಷ್ಟು ಹೊತ್ತಾದರೂ ಇಳಿಯುತ್ತಿತ್ತು.

ಮರವೂ ಚೆನ್ನಾಯಿತು. ಭಾದ್ರಪದ ಕಳೆದು ಆಶ್ವಯುಜ ಬಂದು ಬೇರೆ ಭೂರ್ಜಗಳ ಎಲೆ ಹಳದಿಯಾಗಿ ಉದುರಿದರೂ ಹದಿನೇಳು ಹಸಿರಾಗಿಯೇ ನಿಂತಿತು. ಯಾಂಗ್‌ಡೋಲ್ ಅದಕ್ಕೊಂದು ಬಿಳಿ ರೇಷ್ಮೆಯ ವಸ್ತ್ರ ಕಟ್ಟಿ ಕೈ ಮುಗಿದಳು. ನಿನ್ನ ತಮ್ಮ ಇಲ್ಲೇ ಇದ್ದಾನೆ ಎಂದು ಸನ್ನೆಯಲ್ಲಿ ಹೇಳಿದಳು. ನೀಲವ್ವ ಅದನ್ನು ನಂಬಿದಳು. ನಂಬಿ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಹದಿನೇಳರ ಗುರುತು ಕೆಂಪಾದದ್ದು ಅದಾದ ಮೂರನೆಯ ವಾರದಲ್ಲಿ.

"ವಾಲಿದ್ದು ಎರಡೂವರಿ ಡಿಗ್ರಿ. ರಸ ಇನ್ನೂ ಓಡಾಕತ್ತೈತಿ," ಎಂದ ರಿಗ್ಜಿನ್. ಅಂದು ಅವನ ಬಾಯಲ್ಲಿ ತಮಾಷೆ ಇರಲಿಲ್ಲ. "ಕೆಳಗ ಕರಗೈತ್ರಿ ಅಕ್ಕಾರ."

ನಾಲ್ಕನೆಯ ದಿನ ಕೇಂದ್ರ ಕಚೇರಿಯಿಂದ ಶಾಲ್ಮಲಾ ಜೀಪಿನಲ್ಲಿ ಬಂದಳು. ಹಾವೇರಿಯ ಹುಡುಗಿ, ಗುರುಪಾದನ ಶಿಷ್ಯೆ. ಈಗ ಊರು ಉಳಿಯುವ, ಬಿಡುವ ತೀರ್ಮಾನಕ್ಕೆ ಸಹಿ ಹಾಕುವ ಅಧಿಕಾರ ಅವಳದು. ನೀಲವ್ವನ ಕಾಲು ಮುಟ್ಟಿ ನಮಸ್ಕರಿಸಿ, ಸರ್ ಇಲ್ಲದ ಕೋಣೆಯನ್ನು ಒಮ್ಮೆ ನೋಡಿ, ಮೂಗು ಸೀಟಿಕೊಂಡು ಕೆಲಸಕ್ಕೆ ಕುಳಿತಳು.

"ಮುಂದಿನ ತಿಂಗಳು ಕಣಿವೆಯ ದಾರಿ ಹಿಮದಾಗ ಮುಚ್ಚತೈತಿ. ಆಮ್ಯಾಲೆ ಯಾರನ್ನೂ ಇಳಸಾಕ ಆಗೂದಿಲ್ಲ. ಭಾನುವಾರದ ತನಕ ಕೆಂಪ ಇದ್ರ ನಾ ಸಹಿ ಹಾಕಬೇಕ್ರಿ ಅಕ್ಕಾರ."

"ಹದಿನಾರು, ಹದಿನೆಂಟು ಮಲಗ್ಯಾವಲ್ಲವಾ?"

"ಸರ್ ಹೇಳ್ತಿದ್ರು, ಯಾವಾಗಿದ್ರೂ ಹದಿನೇಳೇ ಮದ್ಲ ಹೇಳತೈತಿ ಅಂತ. ಉಳಿದಾವು ಹೇಳೂತನ ಕಾದ್ರ ಮಂದಿ ಉಳಿಯೂದಿಲ್ಲ."

ಅದೇ ಸಂಜೆ ಊರಿನ ಬೌದ್ಧ ಮಠವಾದ ಗೊಂಪದ ಅಂಗಳದಲ್ಲಿ ಇಪ್ಪತ್ತಾರು ಮನೆಗಳವರೂ ಸೇರಿದರು. ಕೆಳಗಿನ ಬಯಲಿನಲ್ಲಿ ತಗಡಿನ ಶೆಡ್ಡುಗಳನ್ನು ಹಾಕಿಕೊಡುವುದಾಗಿ ಶಾಲ್ಮಲಾ ಹೇಳಿದಳು. ಚಳಿಗಾಲದ ಹುಲ್ಲು ಆಗಲೇ ಮಾಡಿನ ಮೇಲೆ ಒಟ್ಟಿತ್ತು. ಅದನ್ನು ಬಿಟ್ಟು ಹೋದರೆ ಯಾಕ್‌ಗಳೂ ಆಡುಗಳೂ ವಸಂತದವರೆಗೆ ಬದುಕುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಯಾಂಗ್‌ಡೋಲ್ ತನ್ನ ಭಾಷೆಯಲ್ಲಿ ಏನೋ ಗುಡುಗಿದಳು.

"ನಮ್ಮವ್ವ ಏನಂತಾಳಂದ್ರ," ಎಂದು ರಿಗ್ಜಿನ್ ಹೇಳಿದ, "ಆಕಿ ಈ ಊರಾಗ ಮೂರು ಭೂಕಂಪ ನೋಡ್ಯಾಳಂತ, ಇಬ್ಬರು ಸೊಸ್ಯಾರ್ನ ನೋಡ್ಯಾಳಂತ. ತಗಡಿನ ಡಬ್ಬ್ಯಾಗ ಸಾಯಾಕ ಬರಂಗಿಲ್ಲಂತ."

ಜನ ನಕ್ಕರು. ನಕ್ಕವರ ಕಣ್ಣಲ್ಲಿ ನೀರೂ ಇತ್ತು.

ಮರುದಿನ ಮುಂಜಾನೆ ನೀಲವ್ವ ಎಂದಿನಂತೆ ಕ್ಯಾನು ಹೊತ್ತು ಮೇಲೆ ಹೋದಳು. ಅಂದು ವರ್ಷದ ಮೊದಲ ಇಬ್ಬನಿ ಹೆಪ್ಪಾಗಿ ಇಡೀ ಇಳಿಜಾರು ಸುಣ್ಣ ಬಳಿದಂತೆ ಬಿಳಿಯಾಗಿತ್ತು. ಹದಿನೇಳರ ಬುಡದಲ್ಲಿ ಮಾತ್ರ ಹಸಿರು ಹುಲ್ಲಿನ ಒಂದು ಸುತ್ತು. ಎತ್ತಿನ ಗಾಡಿಯ ಚಕ್ರದಷ್ಟು ಅಗಲ.

ಪೂಜೆ ಮುಗಿಸಿ ಅವಳು ನೀರೆರೆದಳು. ನೀರು ಹರಡಿತು. ಹರಡಿ ಹಸಿರಿನ ಅಂಚಿನವರೆಗೆ ಹೋಗಿ ನಿಂತಿತು. ಒಂದು ಗೇಣೂ ಆಚೆ ಹೋಗಲಿಲ್ಲ.

ಅವಳು ಖಾಲಿ ಕ್ಯಾನನ್ನೂ ಆ ಹಸಿರು ಸುತ್ತನ್ನೂ ನೋಡಿದಳು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದವಳು. ಹತ್ತು ಲೀಟರು, ನೂರ ನಲವತ್ತೈದು ದಿನ. ನೆಟ್ಟು ನೀರು ಹಾಕಿದ ಮರ ಸಾಕ್ಷಿಯಾಗದೆಂದು ತಮ್ಮ ಹೇಳಿದ್ದನ್ನು ಅವಳೇ ಎಷ್ಟು ಜನರಿಗೆ ವಿವರಿಸಿದ್ದಳು! ಇದನ್ನು ನೆಟ್ಟಿರಲಿಲ್ಲ, ಅಷ್ಟೇ. ಅವನು ಇಲ್ಲೇ ಇದ್ದಾನೆಂದು ಅವಳು ನಂಬಿದ ಹಸಿರು ಅವಳ ಕೈಯಾರೆ ಆದದ್ದು. ಆ ನಂಬಿಕೆ ಬಿಡುವುದು ಮತ್ತೊಮ್ಮೆ ಮಣ್ಣು ಕೊಟ್ಟಂತೆ. ಹೇಳದೆ ಇದ್ದರೆ ಇಪ್ಪತ್ತಾರು ಮನೆಗಳು ಸುಮ್ಮನೆ ನೆಲೆ ಕಳೆದುಕೊಳ್ಳುತ್ತವೆ. ಹೇಳಿದ ಮೇಲೆ, ತನ್ನ ನೀರಿನ ಕೆಳಗೆ ನಿಜವಾಗಿಯೂ ಕರಗಿದ್ದರೆ? ತನ್ನ ಮಾತು ನಂಬಿ ಉಳಿದವರು ಜಾರಿಹೋದರೆ?

ಅವಳು ಕೆಳಗಿಳಿದು ನೇರವಾಗಿ ಶಾಲೆಯ ಕೋಣೆಗೆ ಹೋದಳು.

"ತಂಗೀ, ಹದಿನೇಳಕ್ಕ ನಾ ದಿನಾ ನೀರ ಹಾಕೀನಿ. ಬುಗ್ಗಿದು. ಬಿಸೀದು."

ಶಾಲ್ಮಲಾ ಪೆನ್ನು ಕೆಳಗಿಟ್ಟಳು. "ಎಷ್ಟ ದಿನದಿಂದ್ರಿ?"

"ಅವನು ಹೋದ ಮೂರನೇ ದಿನದಿಂದ."

ರಿಗ್ಜಿನ್ ಹಣೆ ಚಚ್ಚಿಕೊಂಡ. "ಅಯ್ಯೋ ಅಕ್ಕಾರ! ನೀವು ದಿನಾ ಕ್ಯಾನ್ ಹೊತ್ಕೊಂಡು ಹೋಗೂದು ನಾ ನೋಡೇನಿ! ಇದೂ ಸರ್ ಹೇಳಿಹೋದ ಕೆಲಸ ಇರಬೇಕಂತ ಸುಮ್ಮನಿದ್ದೆ. ನಾನೂ ಎಂಥಾ ಕತ್ತಿ!"

"ಅಕ್ಕಾರ, ನೀವು ಹೇಳಿದ್ರಂತ ಕೆಂಪು ಅಳಸಾಕ ಬರೂದಿಲ್ಲ," ಎಂದಳು ಶಾಲ್ಮಲಾ ಮೆಲ್ಲಗೆ. "ನಿಮ್ಮ ನೀರಿಂದ ಕರಗೇತೋ, ಕೆಳಗಿಂದನ ಕರಗೇತೋ, ಎರಡೂ ಸೇರೇತೋ. ಗೊತ್ತಾಗಬೇಕಲ್ರಿ."

"ಅಗಿಯೂಣು ನಡಿ. ಎರಡು ನೀರಿಗೂ ರುಚಿ ಬ್ಯಾರೆ ಐತಿ."

ಆ ಮಾತಿನ ಅರ್ಥ ಶಾಲ್ಮಲಾಗೆ ತಟ್ಟನೆ ಹೊಳೆಯಿತು. ಬುಗ್ಗೆಯ ನೀರಿನಲ್ಲಿ ಉಪ್ಪು ಇದೆ; ಊರಿನವರು ಅದರಲ್ಲಿ ಚಹಾ ಕಾಯಿಸುವುದಿಲ್ಲ. ಹೆಪ್ಪುನೆಲದಲ್ಲಿ ಸಿಕ್ಕಿಬಿದ್ದದ್ದು ಹಿಮದ ಸಿಹಿನೀರು. ಕರಗಿದ ಮಣ್ಣು ಉಪ್ಪಾಗಿದ್ದರೆ ಆ ನೀರು ಮೇಲಿನಿಂದ ಇಳಿದದ್ದು. ಸಿಹಿಯಾಗಿದ್ದರೆ ಕೆಳಗಿನ ಹೆಪ್ಪೇ ಒಡೆದದ್ದು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಮೇಲೆ ಹತ್ತಿತ್ತು. ಬೇರಿಗೆ ಪೆಟ್ಟಾಗದಂತೆ ಮರದ ಬುಡದಿಂದ ಹೊರಕ್ಕೆ ಒಂದು ಕಾಲುವೆ ಅಗೆದರು. ಹಸಿರು ಸುತ್ತಿನೊಳಗೆ ಮಣ್ಣು ಎರಡು ಮೊಳದವರೆಗೆ ಕೆಸರು. ಶಾಲ್ಮಲಾ ಪೆಟ್ಟಿಗೆಯಿಂದ ಉಪ್ಪು ಅಳೆಯುವ ಯಂತ್ರ ತೆಗೆಯುವಷ್ಟರಲ್ಲಿ ನೀಲವ್ವ ಒಂದು ಚಿಟಿಕೆ ಕೆಸರು ತೆಗೆದು ನಾಲಿಗೆಗಿಟ್ಟಳು.

"ಏನೈತ್ರಿ?" ಎಂದ ರಿಗ್ಜಿನ್.

"ಉಪ್ಪ."

"ನಾನೂ ನೋಡ್ತೀನಿ ತಡೀರಿ." ಅವನೂ ನೆಕ್ಕಿದ. ಮುಖ ಕಿವುಚಿ, "ಉಪ್ಪ ಬರೋಬ್ಬರಿ ಐತಿ, ಖಾರ ಒಂದ ಕಡಿಮಿ," ಎಂದ.

ಯಂತ್ರವೂ ಅದನ್ನೇ ಹೇಳಿತು. ಶಾಲ್ಮಲಾಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಹಸಿರಿನ ಅಂಚಿನಾಚೆ ಅಗೆಸಿದಳು. ಒಂದು ಮೊಳಕ್ಕೆ ಹಾರೆ ಠಣ್ಣೆಂದಿತು. ಸುತ್ತಿನೊಳಗೆ ಕೆಸರಿನ ತಳಕ್ಕೆ ಹಾರೆ ಇಳಿಸಿದರು, ಅಲ್ಲೂ ಠಣ್ಣೆಂದಿತು. ಆ ಸದ್ದು ಕೇಳಿ ಯಾಂಗ್‌ಡೋಲ್ ಕೈಯ ಮಣಿಸರ ನಿಲ್ಲಿಸಿ, "ಮತ್ತೊಮ್ಮೆ" ಎಂದಳು. ಮತ್ತೊಮ್ಮೆ ಹೊಡೆದರು. ಹನ್ನೊಂದು ಕಡೆ ಅಗೆದು ನೋಡುವಷ್ಟರಲ್ಲಿ ಹೊತ್ತು ಪಡುವಣಕ್ಕೆ ಇಳಿದಿತ್ತು. ಹನ್ನೊಂದೂ ಕಡೆ ಹೆಪ್ಪು ಗಟ್ಟಿಯಾಗಿತ್ತು. ಗಾಡಿಚಕ್ರದಗಲದ ಒಂದು ಬಟ್ಟಲು ಕೆಸರು; ಅದೂ ಒಬ್ಬ ಅಕ್ಕನ ಕೈಯಿಂದ ಆದದ್ದು.

ನೀಲವ್ವ ಜನರ ಮುಂದೆ ಕೈಜೋಡಿಸಿ ನಿಂತಳು. "ನನ್ನಿಂದ ನಿಮಗೆಲ್ಲ ಸಂಕಟ ಆತು. ತಪ್ಪಾತು."

ರಿಗ್ಜಿನ್ ಅದನ್ನು ಅವರ ಭಾಷೆಗೆ ತಿರುಗಿಸಿದ. ಯಾಂಗ್‌ಡೋಲ್ ಊರುಗೋಲು ಊರಿಕೊಂಡು ಬಂದು ನೀಲವ್ವನ ಗಲ್ಲ ಹಿಡಿದು ಏನೋ ಹೇಳಿದಳು. ಮಗನಿಗೆ ನಗು ತಡೆಯಲಾಗಲಿಲ್ಲ.

"ಏನಂದ್ರೊ?"

"ಇಷ್ಟು ಬಿಸಿನೀರು ಮೊದಲೇ ಹಾಕಿದ್ರ ತನ್ನ ಹಲ್ಲಿಲ್ಲದ ಬಾಯಿಗೂ ಹೊಸಾ ಹಲ್ಲು ಹುಟ್ಟತಿದ್ವಂತ. ನಾಳಿಂದ ತನಗ ಹಾಕು ಅಂತಾಳ."

ಅಂಥ ನಗು ಆ ಇಳಿಜಾರಿನಲ್ಲಿ ಜ್ಯೇಷ್ಠದಿಂದ ಕೇಳಿಬಂದಿರಲಿಲ್ಲ. ನೀಲವ್ವನೂ ನಕ್ಕಳು; ನಗುತ್ತಲೇ ಅತ್ತಳು; ಯಾಂಗ್‌ಡೋಲ್ ತನ್ನ ಮಾಸಿದ ಅಂಗಿಯ ತೋಳಿನಿಂದ ಅವಳ ಮುಖ ಒರೆಸಿದಳು.

ಶಾಲ್ಮಲಾ ಮರುದಿನ ವರದಿ ಬರೆದಳು. ಹದಿನೇಳನೆಯ ಭೂರ್ಜವನ್ನು ಸಾಕ್ಷಿಗಳ ಪಟ್ಟಿಯಿಂದ ತೆಗೆಯಲಾಗಿದೆ. ಕಾರಣ, ಮನುಷ್ಯರ ಆರೈಕೆ. ಅದರಿಂದ ಇಪ್ಪತ್ತು ಹೆಜ್ಜೆ ಆಚೆ ಯಾರೂ ಗಮನಿಸದೆ ಬೆಳೆದಿದ್ದ, ಎಲೆ ಉದುರಿಸಿ ಗಾಢವಾಗಿ ಮಲಗಿದ್ದ ಇನ್ನೊಂದು ಭೂರ್ಜಕ್ಕೆ ಪಟ್ಟಿ ಕಟ್ಟಿ ಹದಿನೇಳೆಂಬ ಅಂಕಿ ಕೊಟ್ಟರು. ಉಳಿದ ಮರಗಳನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದಾಗ ಮೂಡಣ ಅಂಚಿನ ಎರಡು ಮರಗಳು ನಿಜವಾಗಿಯೂ ತುಸು ವಾಲಿದ್ದು ಕಂಡಿತು. ಅವುಗಳ ಕೆಳಗಿನ ಇಳಿಜಾರಿನಲ್ಲಿ ಆಡಿನ ದೊಡ್ಡಿ ಇತ್ತು. ಅದನ್ನು ಅದೇ ವಾರ ಪಡುವಣಕ್ಕೆ ಸಾಗಿಸಿದರು. ಆಡುಗಳು ಎರಡು ದಿನ ಹಳೆಯ ದೊಡ್ಡಿಗೇ ಹಿಂತಿರುಗಿ ಹೋಗಿ ಎಲ್ಲರನ್ನೂ ಓಡಾಡಿಸಿದವು, ಆಮೇಲೆ ಹೊಂದಿಕೊಂಡವು. ಕಾಯ್ದೆಯಲ್ಲಿ ಒಂದು ಹೊಸ ಸಾಲು ಸೇರಿಸಬೇಕೆಂದೂ ಶಾಲ್ಮಲಾ ಬರೆದಳು: ಸಾಕ್ಷಿಮರಕ್ಕೆ ಯಾರಾದರೂ ನೀರು, ಹಾಲು, ಚಹಾ ಅರ್ಪಿಸುತ್ತಾರೋ ಎಂದು ಪ್ರತಿ ತಿಂಗಳು ಊರಿನಲ್ಲಿ ಕೇಳಿ ಬರೆದಿಡತಕ್ಕದ್ದು.

"ಇದನ್ನ ಓದಿ ದಿಲ್ಲ್ಯಾಗ ನಗತಾರ್ರಿ," ಎಂದಳು.

"ನಗಲಿ ಬಿಡು. ಮನೀ ಮಂದಿ ಹೋದ ಮ್ಯಾಲ ಮನಶ್ಯಾ ಏನೇನು ಮಾಡ್ತಾನಂತ ದಿಲ್ಲಿಯವರಿಗೂ ತಿಳೀಲಿ," ಎಂದಳು ನೀಲವ್ವ.

ಜೀಪು ಹತ್ತುವ ಮುನ್ನ ಶಾಲ್ಮಲಾ ಕೇಳಿದಳು: "ಊರಿಗೆ ಬರ್ತೀರೇನ್ರಿ ಅಕ್ಕಾರ, ನನ್ನ ಕೂಡ? ದಾರಿ ಮುಚ್ಚಿದ್ರ ಆರು ತಿಂಗಳು ಇಲ್ಲೇ."

"ಹೊಸಾ ಹದಿನೇಳರ ಚಳಿಗಾಲ ನೋಡಬೇಕಲ್ಲವಾ. ರಿಗ್ಜಿನ್ ಒಬ್ಬನ ಕೈಲೆ ಆಗೂದಿಲ್ಲ. ಅವನು ಉಪ್ಪು ನೆಕ್ಕೊಂಡು ಕುಂದರ್ತಾನ."

ಜೀಪು ತಿರುವಿನಲ್ಲಿ ಮರೆಯಾಯಿತು. ಬಿಸಿಲಿನ್ನೂ ಇತ್ತು. ಮನೆಗಳ ಮಾಡಿನ ಮೇಲೆ ಹುಲ್ಲು ಹಾಗೆಯೇ ಒಟ್ಟಿತ್ತು, ಹೊಗೆ ನೆಟ್ಟಗೆ ಏಳುತ್ತಿತ್ತು. ನೀಲವ್ವ ಕೈ ಬೀಸಿಕೊಂಡು ಶುಕ್ಪಾಗಳ ದಿಬ್ಬಕ್ಕೆ ನಡೆದಳು. ಐದು ತಿಂಗಳಿಂದ ಅವಳು ಇಲ್ಲಿಗೆ ಬಂದಿರಲಿಲ್ಲ. ಸಮಾಧಿಯ ಕಲ್ಲಿನ ಮೇಲೆ ಕೈಗೆ ಸಿಗುವಷ್ಟು ಮರಳು ಕೂತಿತ್ತು. ಸೆರಗಿನಿಂದ ಒರೆಸಿ, ಎದುರಿಗೆ ಕುಳಿತು, ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದಳು.

"ತಂದೆಯೇ, ಶಿವನೇ, ನನ್ನ ತಮ್ಮನನ್ನು ನಿನಗೆ ಒಪ್ಪಿಸಿ ಐದು ತಿಂಗಳಾದರೂ ನಾನು ಕೈ ಬಿಟ್ಟಿರಲಿಲ್ಲ. ಇಂದು ಬಿಟ್ಟಿದ್ದೇನೆ. ಅವನಿಗೆ ಇನ್ನು ಚಳಿ ಬೇಡ, ಹಸಿವು ಬೇಡ, ನನ್ನ ಆರೈಕೆಯೂ ಬೇಡ. ಅವನು ಕಾದ ಈ ಊರನ್ನು ನೀನು ಕಾಯಿ. ಅವನ ಜೀವ ನಿನ್ನಲ್ಲಿ ನೆಲೆ ನಿಂತು ಶಾಂತವಾಗಿರಲಿ. ಶಾಂತವಾಗಿರಲಿ, ತಂದೆಯೇ."